ಹೆಸರಿನ ಕಾಲೇಜೋ, ಮೆಚ್ಚಿದ ವಿಷಯವೋ?

ಓದುಗರ ಪತ್ರ: “ನನಗೆ ಎರಡು ಕಡೆ ಪದವಿಗೆ ಸೀಟು ಸಿಕ್ಕಿದೆ. ಒಂದು ಎಲ್ಲರೂ ಹೆಸರು ಕೇಳಿರುವ ಕಾಲೇಜು. ಅಲ್ಲಿ ಸಿಕ್ಕಿರುವುದು ವ್ಯವಹಾರ ನಿರ್ವಹಣೆ. ಇನ್ನೊಂದು, ಹೆಸರು ಹೇಳಿದರೆ ‘ಅದೆಲ್ಲಿದೆ?’ ಎಂದು ಕೇಳಿಸಿಕೊಳ್ಳುವ ಕಾಲೇಜು. ಅಲ್ಲಿ ನನಗೆ ಇಷ್ಟವಾದ ಸಂಖ್ಯಾಶಾಸ್ತ್ರ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತುತ್ತಿರುವವಳು ನಾನೇ ಮೊದಲು. ಹೆಸರಿರುವ ಕಡೆಯೇ ಹೋಗು ಎನ್ನುತ್ತಾರೆ ಅಪ್ಪ. ಶುಲ್ಕ ಕಟ್ಟಲು ಹನ್ನೆರಡು ದಿನ ಉಳಿದಿದೆ. ಯಾವುದನ್ನು ಆರಿಸಿಕೊಳ್ಳಲಿ? ಎಲ್ಲಿಗೆ ಹೋದರೂ ಹಾಸ್ಟೆಲ್ ವಾಸ ತಪ್ಪಿದ್ದಲ್ಲ. ಹೊರಡುವ ಮುನ್ನ ಏನೇನು ಕಲಿತಿರಬೇಕು?”
— ಹೆಸರು ಹಾಕಬೇಡಿ ಎಂದ ವಿದ್ಯಾರ್ಥಿನಿ

ಸಂಪಾದಕರ ಉತ್ತರ:

ಈ ಸಂಚಿಕೆ ಅಚ್ಚಾಗಿ ನಿಮ್ಮ ಕೈಸೇರುವ ಹೊತ್ತಿಗೆ ನಿಮ್ಮ ಹನ್ನೆರಡು ದಿನ ಮುಗಿದು ಹೋಗಿರುತ್ತದೆ. ಆದ್ದರಿಂದ ಈ ಉತ್ತರದ ಒಂದು ಪ್ರತಿಯನ್ನು ನಿಮಗೆ ಮೊದಲೇ ಕಳಿಸಿದ್ದೇನೆ. ಇಲ್ಲಿ ಅಚ್ಚಾಗುತ್ತಿರುವುದು ಇದೇ ಇಕ್ಕಟ್ಟಿನಲ್ಲಿರುವ ಉಳಿದವರಿಗಾಗಿ. ಇಂಥ ಪತ್ರಗಳು ಪ್ರತಿ ವರ್ಷ ಫಲಿತಾಂಶದ ಬೆನ್ನಿಗೇ ಬರುತ್ತವೆ, ಆದರೆ ಹೆಚ್ಚಿನವು ‘ಯಾವ ಕಾಲೇಜು ಒಳ್ಳೆಯದು?’ ಎಂಬಲ್ಲಿಗೇ ನಿಲ್ಲುತ್ತವೆ. ನೀವು ಎರಡು ಕಾಲೇಜುಗಳನ್ನು ಎದುರಿಟ್ಟುಕೊಂಡು ಕೇಳಿದ್ದೀರಿ. ಅರ್ಧ ಕೆಲಸ ಆದಂತೆಯೇ.

ಉಳಿದ ಅರ್ಧಕ್ಕೆ ಮೊದಲು ಮಾಡಬೇಕಾದ್ದು, ಎರಡೂ ಕಡೆ ಹೋಗಿ ನೋಡುವುದು. ಮುಕ್ತ ದಿನ, ಸ್ವಾಗತ ಸಮಾರಂಭ ಎಂದು ಅವರೇ ಕರೆದ ದಿನ ಹೋದರೆ ಕಾಣುವುದು ಸಮಾರಂಭ ಮಾತ್ರ. ವಾರದ ನಡುವೆ, ತರಗತಿ ನಡೆಯುತ್ತಿರುವ ಯಾವುದಾದರೂ ಮಾಮೂಲಿ ದಿನ ಹೋಗಿ. ಮುಂದಿನ ಕೆಲವು ವರ್ಷ ನೀವು ಕಳೆಯಬೇಕಾದ್ದು ಅಂಥ ಮಾಮೂಲಿ ದಿನಗಳನ್ನೇ.

ಕೆಲವು ವರ್ಷಗಳ ಹಿಂದೆ ಅಕ್ಕನ ಮಗಳ ಜೊತೆ ನಾನೂ ಹೀಗೆ ಕಾಲೇಜು ನೋಡಲು ಹೋಗಿದ್ದೆ. ಮೊದಲನೆಯದರ ಪರಿಚಯ ಪುಸ್ತಿಕೆಯ ಮುಖಪುಟದಲ್ಲಿ ನಾಲ್ವರು ವಿದ್ಯಾರ್ಥಿಗಳು ಹುಲ್ಲಿನ ಮೇಲೆ ಪುಸ್ತಕ ಬಿಚ್ಚಿಟ್ಟುಕೊಂಡು ಮನಸಾರೆ ನಗುತ್ತಿದ್ದರು. ಬಿಚ್ಚಿದ ಪಠ್ಯಪುಸ್ತಕದ ಮುಂದೆ ಹಾಗೆ ನಗುವವರನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಗ್ರಂಥಾಲಯಕ್ಕೆ ಮೂರು ಮಹಡಿ, ಗಾಜಿನ ಬಾಗಿಲು. ಹುಡುಗಿ ಏನೂ ಮಾತನಾಡದೆ ಕಪಾಟಿನಿಂದ ಒಂದು ಪುಸ್ತಕ ತೆಗೆದು ಕೊನೆಯ ಪುಟ ಬಿಚ್ಚಿದಳು. ಹಿಂದಿರುಗಿಸುವ ದಿನಾಂಕದ ಚೀಟಿಯಲ್ಲಿ ಕೊನೆಯ ಮುದ್ರೆ ಏಳು ವರ್ಷ ಹಳೆಯದು. ಇನ್ನೊಂದು ಪುಸ್ತಕದ ಚೀಟಿಯಲ್ಲಿ ಮುದ್ರೆಯೇ ಇಲ್ಲ. ಮೂರನೆಯದನ್ನು ತೆಗೆಯಲು ಹೋದರೆ ಆ ಕಪಾಟಿಗೆ ಬೀಗ. ಕೀಲಿ ಇರುವವರು ರಜೆಯಲ್ಲಿದ್ದರು. ಎರಡನೇ ಕಾಲೇಜಿನ ಗ್ರಂಥಾಲಯ ಒಂದೇ ಕೋಣೆಯದು, ಮೂಗಿಗೆ ಹಳೆಯ ಕಾಗದದ ವಾಸನೆ. ಆದರೆ ಅಲ್ಲಿ ಅವಳು ತೆಗೆದ ಪುಸ್ತಕದ ಬೆನ್ನಿಗೆ ಎರಡು ಸಲ ಪಟ್ಟಿ ಹಚ್ಚಿದ್ದರು, ತುಂಬಿಹೋದ ಚೀಟಿಯ ಮೇಲೆ ಹೊಸ ಚೀಟಿ ಅಂಟಿಸಿದ್ದರು, ಅದೂ ಅರ್ಧ ತುಂಬಿತ್ತು. ಅವಳು ಸೇರಿದ್ದು ಅಲ್ಲಿಗೇ. ಹಾಸ್ಟೆಲ್ಲಿನ ನೀರಿನ ಬಗ್ಗೆ ಮೂರು ವರ್ಷವೂ ಗೊಣಗಿದಳು, ಅದು ಬೇರೆ ಮಾತು.

ಈಗ ಹಲವು ಕಡೆ ಚೀಟಿ ಹೋಗಿ ಕಂಪ್ಯೂಟರ್ ಬಂದಿದೆ. ಆಗ ಗ್ರಂಥಪಾಲಕರನ್ನೇ ಕೇಳಿ: ಪರೀಕ್ಷೆಯ ದಿನಗಳಲ್ಲಿ ರಾತ್ರಿ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ? ಉತ್ತರಕ್ಕಿಂತ, ಉತ್ತರಿಸಲು ಅವರು ತೆಗೆದುಕೊಳ್ಳುವ ಸಮಯ ಹೆಚ್ಚು ತಿಳಿಸುತ್ತದೆ.

ವಿದ್ಯಾರ್ಥಿಗಳನ್ನು ಮಾತನಾಡಿಸುವುದಾದರೆ ಎರಡನೇ ವರ್ಷದವರನ್ನು ಹಿಡಿಯಿರಿ. ಮೊದಲ ವರ್ಷದವರಿಗೆ ಹೊಸತನದ ಅಮಲು ಇಳಿದಿರುವುದಿಲ್ಲ, ಕೊನೆಯ ವರ್ಷದವರಿಗೆ ಕೆಲಸದ ಚಿಂತೆಯಲ್ಲಿ ಬೇರೇನೂ ತೋಚುವುದಿಲ್ಲ. ಕಾಲೇಜಿನವರೇ ಜೊತೆಗೆ ಕಳಿಸಿದ ವಿದ್ಯಾರ್ಥಿಗೆ ಧನ್ಯವಾದ ಹೇಳಿ, ಬೇರೆ ಯಾರನ್ನಾದರೂ ಕೇಳಿ. ‘ಕಾಲೇಜು ಹೇಗಿದೆ?’ ಎಂದು ಮಾತ್ರ ಕೇಳಬೇಡಿ. ‘ಪರವಾಗಿಲ್ಲ’ ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಮೊದಲ ವರ್ಷಕ್ಕೆ ಪಾಠ ಮಾಡುವವರು ಯಾರು? ಅವರು ಕಾಯಂ ಅಧ್ಯಾಪಕರೋ, ಪ್ರತಿ ಸೆಮಿಸ್ಟರಿಗೂ ಹೊಸಬರು ಬರುತ್ತಾರೋ? ಪ್ರಯೋಗಾಲಯದಲ್ಲಿ ಒಂದು ಯಂತ್ರದ ಮುಂದೆ ಎಷ್ಟು ಮಂದಿ ನಿಲ್ಲುತ್ತೀರಿ? ಬರೆದ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿ ಎಷ್ಟು ದಿನಕ್ಕೆ ಕೈಗೆ ಬರುತ್ತದೆ? ಈ ಕೊನೆಯ ಪ್ರಶ್ನೆಯನ್ನು ಮರೆಯಲೇಬೇಡಿ. ಹತ್ತು ದಿನದಲ್ಲಿ ತಿದ್ದಿ, ಅಂಚಿನಲ್ಲಿ ನಾಲ್ಕು ಮಾತು ಬರೆದುಕೊಡುವ ಅಧ್ಯಾಪಕರಿರುವ ಕಡೆ ಸೋರುವ ಸೂರನ್ನೂ ಸಹಿಸಿಕೊಳ್ಳಬಹುದು. ಉತ್ತರಪತ್ರಿಕೆ ಎಂದೂ ಹಿಂದಿರುಗದ ಕಡೆ ಕಲಿಯುವುದೆಲ್ಲ ನಿಮ್ಮ ಸ್ವಂತ ದುಡಿಮೆ, ಶುಲ್ಕ ಕಟ್ಟಡಕ್ಕೆ.

ಇನ್ನು ಅಪ್ಪನ ಮಾತು, ಅಂದರೆ ಹೆಸರು. ಹೆಸರು ಹುಟ್ಟುವುದು ಹೇಗೆ ಎಂಬುದಕ್ಕೆ ಈಚಿನ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಅಲ್ಲಿನ ಪ್ರಸಿದ್ಧ ಶ್ರೇಯಾಂಕ ಪಟ್ಟಿಯೊಂದರಲ್ಲಿ ಎರಡನೇ ಸ್ಥಾನದಲ್ಲಿತ್ತು. 2022ರಲ್ಲಿ ಅದೇ ವಿಶ್ವವಿದ್ಯಾಲಯದ ಗಣಿತದ ಪ್ರಾಧ್ಯಾಪಕ ಮೈಕೆಲ್ ಥಾಡಿಯಸ್, ತಮ್ಮ ಸಂಸ್ಥೆ ಆ ಪಟ್ಟಿಗೆ ಕೊಟ್ಟ ಲೆಕ್ಕವನ್ನು ಒಂದೊಂದಾಗಿ ಪರಿಶೀಲಿಸಿ, ಇದು ತಾಳೆಯಾಗುವುದಿಲ್ಲ ಎಂದು ಬಹಿರಂಗವಾಗಿ ಬರೆದರು. ಸಣ್ಣ ತರಗತಿಗಳ ಪ್ರಮಾಣ, ಅಧ್ಯಾಪಕರ ವಿದ್ಯಾರ್ಹತೆ ಇವುಗಳಲ್ಲಿ ತಪ್ಪಾಗಿದೆ ಎಂದು ಸಂಸ್ಥೆ ಆಮೇಲೆ ಒಪ್ಪಿಕೊಂಡಿತು. ಅದೇ ವರ್ಷ ಸ್ಥಾನ ಎರಡರಿಂದ ಹದಿನೆಂಟಕ್ಕೆ ಇಳಿಯಿತು. ಅಲ್ಲಿನ ಪಾಠ ಒಂದೇ ವರ್ಷದಲ್ಲಿ ಹದಿನಾರು ಮೆಟ್ಟಿಲು ಕೆಟ್ಟಿತೇ? ಇಲ್ಲ. ಕೆಟ್ಟದ್ದು ಲೆಕ್ಕ. ಕೊಲಂಬಿಯಾ ಇಂದಿಗೂ ದೊಡ್ಡ ವಿದ್ಯಾಸಂಸ್ಥೆಯೇ. ನಂಬಬಾರದ್ದು ಆ ಒಂಟಿ ಅಂಕಿಯನ್ನು.

ಸಂಖ್ಯಾಶಾಸ್ತ್ರ ಇಷ್ಟ ಎಂದಿದ್ದೀರಿ, ಹಾಗಾದರೆ ಈ ಲೆಕ್ಕ ನಿಮಗೆ ರುಚಿಸುತ್ತದೆ. ಹತ್ತು ಮಂದಿಗೆ ಕೆಲಸ ಸಿಕ್ಕಿತು ಎನ್ನಿ. ಒಂಬತ್ತು ಮಂದಿಗೆ ತಲಾ 3 ಪಾಲು ಸಂಬಳ, ಒಬ್ಬರಿಗೆ ಮಾತ್ರ 43. ಸರಾಸರಿ 7 ಪಾಲು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುವುದು ಅದೇ ಏಳು, ಆದರೆ ಆ ಹತ್ತು ಮಂದಿಯಲ್ಲಿ ಏಳು ಪಾಲು ಪಡೆದವರು ಒಬ್ಬರೂ ಇಲ್ಲ. ಮಧ್ಯಾಂಕ, ಅಂದರೆ ಸಂಬಳಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿಟ್ಟಾಗ ನಟ್ಟನಡುವೆ ಬರುವ ಅಂಕಿ, ಕೇಳಿದರೆ ಮೂರು ಎಂಬ ನಿಜ ಹೊರಬೀಳುತ್ತದೆ. ‘ಶೇಕಡಾ ಇಷ್ಟು ಮಂದಿಗೆ ಕೆಲಸ’ ಎಂದರೆ ಯಾರ ಶೇಕಡಾ ಎಂದು ಕೇಳಿ. ಪಾಸಾದವರೆಲ್ಲರದ್ದೋ, ಕೆಲಸಕ್ಕೆಂದು ಹೆಸರು ನೋಂದಾಯಿಸಿದವರದ್ದು ಮಾತ್ರವೋ? ಎರಡೂ ಕಾಲೇಜಿಗೆ ಈ ಪ್ರಶ್ನೆಗಳನ್ನು ಬರೆದು ಕಳಿಸಿ. ಒಂದಾದರೂ ನೇರ ಉತ್ತರ ಕೊಟ್ಟರೆ ಅದರ ಕಡೆಗೆ ನನ್ನ ಗೌರವ ಹೆಚ್ಚುತ್ತದೆ.

ಹಾಗೆಂದು ಹೆಸರಿಗೆ ಬೆಲೆಯೇ ಇಲ್ಲ ಎಂದು ಹೇಳಿ ಅಪ್ಪನನ್ನು ಸೋಲಿಸಲು ನಾನು ಸಿದ್ಧನಿಲ್ಲ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಪ್ರಶ್ನೆಯನ್ನು ಎತ್ತಿಕೊಂಡಿತ್ತು. ಅಮೆರಿಕದಲ್ಲಿ 1976ರಲ್ಲಿ ಕಾಲೇಜು ಸೇರಿದವರನ್ನು ಅವರು ಹೋಲಿಸಿದರು. ಒಂದೇ ಮಟ್ಟದ ಕಾಲೇಜುಗಳಿಂದ ಕರೆ ಬಂದವರಲ್ಲಿ ಕೆಲವರು ಹೆಸರಾಂತ ಕಡೆಗೆ ಹೋಗಿದ್ದರು, ಕೆಲವರು ಅಷ್ಟು ಹೆಸರಿಲ್ಲದ ಕಡೆಗೆ. ವರ್ಷಗಳ ನಂತರ ನೋಡಿದರೆ ಇಬ್ಬರ ಸಂಪಾದನೆಯಲ್ಲೂ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ದುಡಿದು ಮುಂದೆ ಬಂದದ್ದು ವಿದ್ಯಾರ್ಥಿಯ ಸ್ವಂತ ಶಕ್ತಿ, ಕಾಲೇಜಿನ ಫಲಕವಲ್ಲ. ಆದರೆ ಒಂದು ಅಪವಾದವಿತ್ತು, ಅದು ನಿಮಗೆ ಸಂಬಂಧಿಸಿದ್ದು: ಕಡಿಮೆ ಆದಾಯದ ಮನೆಗಳಿಂದ ಬಂದವರಿಗೆ ಹೆಸರಾಂತ ಕಾಲೇಜಿನಿಂದ ಲಾಭವಾಗಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ದಾರಿ ತೋರಿಸುವ ನಂಟರು, ಒಂದು ಮಾತು ಹೇಳಿ ಬಾಗಿಲು ತೆರೆಸುವ ಪರಿಚಯಸ್ಥರು ಮನೆಯಲ್ಲೇ ಇರುವವರಿಗೆ ಕಾಲೇಜು ಹೊಸದಾಗಿ ಕೊಡುವುದು ಕಡಿಮೆ. ಮನೆಯಲ್ಲಿ ಮೊದಲಿಗರಾದವರಿಗೆ ಆ ಪರಿಚಯಗಳು ಕಾಲೇಜಿನಲ್ಲೇ ಆಗಬೇಕು. ನಿಮ್ಮ ತಂದೆ ಆ ಅಧ್ಯಯನ ಓದಿಲ್ಲದಿರಬಹುದು, ಅವರ ಅಂದಾಜು ಮಾತ್ರ ಪೊಳ್ಳಲ್ಲ.

ಹಾಗಾದರೆ ಏನು ಮಾಡಬೇಕು? ಹೆಸರಾಂತ ಕಾಲೇಜಿಗೆ ಮೊದಲು ಒಂದೇ ಪ್ರಶ್ನೆ ಹಾಕಿ: ವ್ಯವಹಾರ ನಿರ್ವಹಣೆಗೆ ಸೇರಿದವರು ಸಂಖ್ಯಾಶಾಸ್ತ್ರವನ್ನು ಐಚ್ಛಿಕವಾಗಿ ಓದಬಹುದೇ, ಮೊದಲ ವರ್ಷದ ನಂತರ ವಿಷಯ ಬದಲಿಸಲು ಅವಕಾಶವಿದೆಯೇ? ‘ಹೌದು’ ಎಂದು ಬಾಯಲ್ಲಿ ಹೇಳಿದರೆ ಸಾಲದು, ನಿಯಮಾವಳಿಯ ಪುಟ ತೋರಿಸಬೇಕು. ಹೋದ ವರ್ಷ ನಿಜವಾಗಿ ಎಷ್ಟು ಮಂದಿ ಬದಲಿಸಿಕೊಂಡರು ಎಂದೂ ಕೇಳಿ. ಪುಟವೂ ಇದ್ದು ಬದಲಿಸಿಕೊಂಡವರೂ ಇದ್ದರೆ ಅಪ್ಪನ ಮಾತಿಗೆ ನನ್ನ ಮತ. ಇಲ್ಲವಾದರೆ ಸಂಖ್ಯಾಶಾಸ್ತ್ರಕ್ಕೆ ಹೋಗಿ. ಇಷ್ಟವಿಲ್ಲದ ವಿಷಯವನ್ನು ವರ್ಷಗಟ್ಟಲೆ ದೊಡ್ಡ ಕಟ್ಟಡದಲ್ಲಿ ಕುಳಿತು ಓದಿದರೂ ಅದು ಇಷ್ಟವಿಲ್ಲದ ವಿಷಯವೇ, ಅಂಕಪಟ್ಟಿಯಲ್ಲಿ ಅದು ಕಂಡುಬಿಡುತ್ತದೆ. ಆದರೆ ಸಣ್ಣ ಕಾಲೇಜಿನ ಆ ವಿಭಾಗದಲ್ಲಿ ನಿಜವಾಗಿ ಸಂಖ್ಯಾಶಾಸ್ತ್ರ ಓದಿದ ಅಧ್ಯಾಪಕರಿದ್ದಾರೆಯೇ ಎಂಬುದನ್ನು ಖಚಿತ ಮಾಡಿಕೊಂಡೇ ಹೋಗಿ.

ಕೋರ್ಸಿಗೆ ಮಾನ್ಯತೆ ಇದೆಯೇ ಎಂಬುದನ್ನು ಮಾನ್ಯತೆ ಕೊಡುವ ಸಂಸ್ಥೆಯ ಜಾಲತಾಣದಲ್ಲಿ ನೋಡಿ, ಕಾಲೇಜಿನ ಜಾಲತಾಣದಲ್ಲಲ್ಲ. ಶುಲ್ಕವನ್ನು ಇಡೀ ಪದವಿಗೆ ಕೂಡಿಸಿ ನೋಡಿ, ಹಾಸ್ಟೆಲ್ ಮತ್ತು ಪರೀಕ್ಷಾ ಶುಲ್ಕ ಸೇರಿಸಿ. ಸೀಟು ಬಿಟ್ಟರೆ ಎಷ್ಟು ಹಿಂದಿರುಗಿಸುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಈಗ ಎರಡನೇ ಪ್ರಶ್ನೆ. ಕಾಲೇಜಿಗೆ ಹೊಸದಾಗಿ ಬಂದವರನ್ನು ಮೊದಲು ಬೀಳಿಸುವುದು ಪಾಠದ ಕಷ್ಟವಲ್ಲ, ಬಿಡುವಿನ ಭ್ರಮೆ. ವೇಳಾಪಟ್ಟಿ ನೋಡಿದರೆ ವಾರಕ್ಕೆ ಇಪ್ಪತ್ತು ಗಂಟೆ ತರಗತಿ. ಶಾಲೆಗಿಂತ ಎಷ್ಟೋ ಕಡಿಮೆ. ಯುರೋಪಿನ ವಿಶ್ವವಿದ್ಯಾಲಯಗಳು ಬಳಸುವ ಕ್ರೆಡಿಟ್ ಲೆಕ್ಕ ಇದನ್ನು ಬಿಡಿಸಿ ಹೇಳುತ್ತದೆ: ಒಂದು ಪೂರ್ಣ ವರ್ಷಕ್ಕೆ 60 ಕ್ರೆಡಿಟ್, ಒಂದೊಂದಕ್ಕೆ 25ರಿಂದ 30 ಗಂಟೆ ದುಡಿಮೆ. ಅಂದರೆ ವರ್ಷಕ್ಕೆ 1500ರಿಂದ 1800 ಗಂಟೆ. ನಲವತ್ತು ವಾರಕ್ಕೆ ಹಂಚಿದರೆ ವಾರಕ್ಕೆ ನಲವತ್ತರ ಆಸುಪಾಸು. ತರಗತಿಯ ಇಪ್ಪತ್ತು ಗಂಟೆ ಕಳೆದರೆ ಉಳಿದ ಇಪ್ಪತ್ತು ಗಂಟೆಯ ಓದು ನಿಮ್ಮ ಪಾಲಿನದು. ಅದಕ್ಕೆ ಗಂಟೆ ಬಾರಿಸುವವರಿಲ್ಲ, ಹಾಜರಿ ಕರೆಯುವವರೂ ಇಲ್ಲ. ಹೊರಡುವ ಮುನ್ನ ಮನೆಯಲ್ಲೇ ಒಂದು ವಾರ, ಯಾರೂ ಹೇಳದೆ ದಿನಕ್ಕೆ ಮೂರು ಗಂಟೆ ಕುಳಿತು ಓದಲು ಆಗುತ್ತದೆಯೇ ನೋಡಿ. ಸುಲಭ ಅನ್ನಿಸಿದರೆ ಮೊಬೈಲನ್ನು ಪಕ್ಕದಲ್ಲೇ ಇಟ್ಟುಕೊಂಡು ಇನ್ನೊಂದು ವಾರ ನೋಡಿ.

ಓದುವ ಬಗೆಯನ್ನೂ ಬದಲಿಸಬೇಕಾಗುತ್ತದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಬರೆದವರು ಒಂದು ವಾರದ ನಂತರ ಅವರನ್ನು ಹಿಂದೆ ಹಾಕಿದರು. ಸಾಲಿನ ಕೆಳಗೆ ಬಣ್ಣದ ಗೆರೆ ಎಳೆಯುವ ಸುಖ ಬಿಟ್ಟು, ಪುಸ್ತಕ ಮುಚ್ಚುವ ಕಷ್ಟ ರೂಢಿ ಮಾಡಿಕೊಳ್ಳಿ.

ಅರ್ಥವಾಗದ್ದನ್ನು ಅಧ್ಯಾಪಕರ ಕೋಣೆಗೆ ಹೋಗಿ ಕೇಳಲು ಮನೆಯ ಮೊದಲಿಗರು ಹಿಂಜರಿಯುತ್ತಾರೆ. ನಾನೂ ಹಾಗೆಯೇ ಇದ್ದೆ, ಬಾಗಿಲವರೆಗೆ ಹೋಗಿ ಹಿಂದಿರುಗುತ್ತಿದ್ದೆ. ‘ಸರ್, ಈ ಹಂತದವರೆಗೆ ತಿಳಿದಿದೆ, ಇಲ್ಲಿಂದ ಮುಂದಕ್ಕೆ ತಿಳಿಯಲಿಲ್ಲ’ ಎಂದು ನೋಟ್‌ಬುಕ್ ತೆರೆದು ತೋರಿಸಿದರೆ ಬೈಯುವ ಅಧ್ಯಾಪಕರು ಅಪರೂಪ. ಮೊದಲ ತಿಂಗಳಲ್ಲೇ ಒಮ್ಮೆ ಹೋಗಿಬಿಡಿ.

ಕೈಗೆ ಬಂದ ಹಣವನ್ನು ಸೆಮಿಸ್ಟರಿನ ವಾರಗಳಿಂದ ಭಾಗಿಸಿ, ಒಂದು ವಾರದ ಪಾಲನ್ನು ಮುಟ್ಟದೆ ಎತ್ತಿಡಿ. ಬಟ್ಟೆ ಒಗೆಯುವುದು, ಗುಂಡಿ ಹೊಲಿಯುವುದು, ಅರ್ಜಿ ಬರೆಯುವುದು, ಜ್ವರ ಬಂದಾಗ ಯಾರಿಗೆ ಹೇಳಬೇಕೆಂದು ತಿಳಿದಿರುವುದು, ಇಷ್ಟು ಬಂದರೆ ಸಾಕು. ಪ್ರಮಾಣಪತ್ರಗಳ ಮೂಲ ಪ್ರತಿಗಳನ್ನು ಯಾರಿಗಾದರೂ ಒಪ್ಪಿಸಿದರೆ ರಸೀದಿ ಪಡೆಯಿರಿ.

ಒಂಟಿತನದ ಮಾತನ್ನು ನೀವು ಎತ್ತಿಲ್ಲ, ಆದರೂ ಹೇಳುತ್ತೇನೆ. ಹಾಸ್ಟೆಲ್ ಸೇರಿದ ಮೊದಲ ರಾತ್ರಿ ನನ್ನ ಕಬ್ಬಿಣದ ಪೆಟ್ಟಿಗೆಯ ಕೀಲಿ ಕಳೆದುಹೋಗಿತ್ತು. ಕೋಣೆಯಲ್ಲಿದ್ದ ಮೂವರೂ ಹರಟುತ್ತಿದ್ದರು, ಬಾಲ್ಯದ ಗೆಳೆಯರೇ ಇರಬೇಕು ಎಂದುಕೊಂಡು ನಾನು ಸುಮ್ಮನೆ ಮುದುರಿ ಕುಳಿತೆ. ಕೊನೆಗೆ ಒಬ್ಬ ಎದ್ದು ಬಂದು ಕಲ್ಲಿನಿಂದ ಬೀಗ ಒಡೆದುಕೊಟ್ಟ. ಅವರು ಮೂವರಿಗೂ ಪರಸ್ಪರ ಪರಿಚಯವಾದದ್ದು ಅಂದು ಮಧ್ಯಾಹ್ನವಷ್ಟೇ ಎಂದು ನನಗೆ ತಿಳಿದಿದ್ದು ವಾರದ ನಂತರ.

ಈ ಕಾಗದವನ್ನು ಅಪ್ಪನಿಗೂ ಓದಿ ಹೇಳಿ, ಸಾಧ್ಯವಾದರೆ ಕಾಲೇಜು ನೋಡಲು ಅವರನ್ನೂ ಕರೆದುಕೊಂಡು ಹೋಗಿ. ಯಾವುದು ಆಯ್ಕೆಯಾಯಿತೆಂದು ಒಂದು ಸಾಲು ಬರೆಯಿರಿ. ಮತ್ತೆ, ಪೆಟ್ಟಿಗೆಯ ಎರಡನೇ ಕೀಲಿಯನ್ನು ಪೆಟ್ಟಿಗೆಯೊಳಗೇ ಇಡಬೇಡಿ. ನಾನು ಇಟ್ಟಿದ್ದೆ.

— ಸಂಪಾದಕ