ಓದುಗರ ಪ್ರಶ್ನೆ: ಹೆರಿಗೆ ಕೋಣೆಯ ಕಲಿಕೆ

ಪ್ರಶ್ನೆ: ನಾನು ಜಿಎನ್‌ಎಂ (ನರ್ಸಿಂಗ್ ಮತ್ತು ಹೆರಿಗೆ ಆರೈಕೆಯ ಡಿಪ್ಲೊಮಾ) ಕೊನೆಯ ವರ್ಷದ ವಿದ್ಯಾರ್ಥಿನಿ. ಗರ್ಭಿಣಿಯರ ಹೊಟ್ಟೆ ಮುಟ್ಟಿ ನೋಡುವಾಗ ಮಗುವಿನ ತಲೆ ಯಾವುದು, ಕುಂಡೆ ಯಾವುದು ಗೊತ್ತಾಗುವುದಿಲ್ಲ. ಡಾಪ್ಲರ್‌ನಲ್ಲಿ (ಹೊಟ್ಟೆಯ ಮೇಲಿಟ್ಟು ಮಗುವಿನ ಎದೆಬಡಿತ ಕೇಳುವ ಉಪಕರಣ) ಎದೆಬಡಿತ ಸಿಕ್ಕ ಜಾಗ ನೋಡಿ ಅಂದಾಜಿನಲ್ಲಿ ಬರೆಯುತ್ತೇನೆ. ಏನು ಮಾಡಲಿ?
– ಒಬ್ಬ ಓದುಗರು, ಹಾವೇರಿ

ಉತ್ತರ: ಡಾಪ್ಲರ್ ಕೊನೆಗಿರಲಿ. ಅದನ್ನೇ ಮೊದಲು ಇಟ್ಟರೆ ಕೈ ಕಲಿಯುವುದೇ ಇಲ್ಲ. ಕೈಗೆ ಸಿಕ್ಕಿದ್ದನ್ನು ಬರೆದಿಟ್ಟು, ಆಮೇಲೆ ಡಾಪ್ಲರ್‌ನಿಂದ ತಾಳೆ ನೋಡಿ.

ಪರೀಕ್ಷೆಗೆ ಮುಂಚೆ ಗರ್ಭಿಣಿ ಮೂತ್ರ ಮಾಡಿ ಬರಲಿ. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಮೇಲೆ ಸರಿದು ಅಳತೆ ತಪ್ಪುತ್ತದೆ, ಕೆಳಗಿನ ತಲೆಯೂ ಕೈಗೆ ಸಿಗುವುದಿಲ್ಲ. ಮಂಡಿ ಮಡಚಿ ಮಲಗಿಸಿ, ನಿಮ್ಮ ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ತಣ್ಣನೆ ಕೈ ತಾಗಿದರೆ ಹೊಟ್ಟೆ ಬಿಗಿಯುತ್ತದೆ. ತುಂಬ ಹೊತ್ತು ಅಂಗಾತ ಮಲಗಿ ತಲೆ ಸುತ್ತು ಬಂದರೆ ಕೂಡಲೇ ಎಡಮಗ್ಗುಲಿಗೆ ತಿರುಗಿಸಿ.

ಆಕೆಯ ಬಲಗಡೆ, ಮುಖ ನೋಡುತ್ತ ನಿಂತು ಹೊಟ್ಟೆಯ ಮೇಲ್ತುದಿಯಿಂದ ಶುರುಮಾಡಿ. ಕುಂಡೆ ಮೆತ್ತಗೆ, ಅಗಲವಾಗಿರುತ್ತದೆ. ತಳ್ಳಿದರೆ ಇಡೀ ಮೈಯೇ ಸರಿಯುತ್ತದೆ. ತಲೆ ಗಟ್ಟಿ, ಗುಂಡು. ಕುತ್ತಿಗೆ ಇರುವುದರಿಂದ ಅದೊಂದೇ ಅಲುಗುತ್ತದೆ. ಗಟ್ಟಿತನಕ್ಕಿಂತ ಈ ಅಲುಗಾಟವನ್ನೇ ನಂಬಿ. ನಂತರ ಎರಡೂ ಪಕ್ಕ: ಒಂದು ಕೈ ಅಲುಗದೆ ಒತ್ತಿ ಹಿಡಿದಿರಲಿ, ಇನ್ನೊಂದು ಹುಡುಕಲಿ. ನುಣುಪಾಗಿ ಉದ್ದಕ್ಕೆ ಸಿಗುವುದು ಬೆನ್ನು, ಗಂಟುಗಂಟಾಗಿ ಸಿಗುವುದು ಕೈಕಾಲು. ಕೊನೆಗೆ ಆಕೆಯ ಪಾದದ ಕಡೆ ತಿರುಗಿ, ತಲೆ ಎಷ್ಟು ಇಳಿದಿದೆ ನೋಡಿ. ಬೆರಳ ತುದಿಯಿಂದ ಚುಚ್ಚಬೇಡಿ, ಬೆರಳಿನ ಒಳಮೈ ಬಳಸಿ. ಹೆರಿಗೆ ನೋವು ಬಂದು ಹೊಟ್ಟೆ ಗಟ್ಟಿಯಾದಾಗ ಹೀಗೆ ಹುಡುಕುವ ಕೈ ತೆಗೆಯಿರಿ.

ತಲೆ ಕೆಳಗಿದ್ದರೆ ಎದೆಬಡಿತ ಸಾಮಾನ್ಯವಾಗಿ ಹೊಕ್ಕುಳಿನ ಕೆಳಗೆ, ಬೆನ್ನಿರುವ ಪಕ್ಕದಲ್ಲಿ ಕೇಳುತ್ತದೆ. ಎಣಿಸುವಾಗ ತಾಯಿಯ ನಾಡಿಯನ್ನೂ ಹಿಡಿದಿರಿ. ಎರಡೂ ಒಂದೇ ಲಯದಲ್ಲಿದ್ದರೆ ನೀವು ಕೇಳುತ್ತಿರುವುದು ತಾಯಿಯ ರಕ್ತನಾಳದ ಸದ್ದು. ಈ ತಪ್ಪು ಅಪಾಯಕಾರಿ: ಮಗುವಿಗೆ ತೊಂದರೆಯಾಗಿದ್ದರೂ ಎಲ್ಲ ಸರಿಯಿದೆ ಎಂದು ಬರೆದುಬಿಡುತ್ತೇವೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಪೂರ್ತಿ ಒಂದು ನಿಮಿಷ ಎಣಿಸಿ. 110ರಿಂದ 160ರ ಒಳಗಿರಬೇಕು.

ಪ್ರಶ್ನೆ: ಲೇಬರ್ ರೂಮಿನಲ್ಲಿ ಕೆಲಸ ಜಾಸ್ತಿ. ಹೆರಿಗೆ ಮುಗಿದ ಮೇಲೆ ಪಾರ್ಟೋಗ್ರಾಫ್ (ಹೆರಿಗೆ ಹೇಗೆ ಸಾಗುತ್ತಿದೆ ಎಂದು ಗುರುತು ಹಾಕುವ ಹಾಳೆ) ತುಂಬಿಸಿದರೆ ಸಾಲದೇ?
– ಇನ್ನೊಬ್ಬ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಖಂಡಿತ ಸಾಲದು. ಯಾವ ಹೊತ್ತಿಗೆ ದೊಡ್ಡಾಸ್ಪತ್ರೆಗೆ ಕಳಿಸಬೇಕೆಂದು ತಿಳಿಸಲಿಕ್ಕೇ ಆ ಹಾಳೆ ಇರುವುದು. ನಮ್ಮಲ್ಲಿ ಬಳಕೆಯಲ್ಲಿರುವ ಸರಳ ಪಾರ್ಟೋಗ್ರಾಫ್ ಗರ್ಭಕಂಠ 4 ಸೆಂ.ಮೀ. ತೆರೆದಾಗ ಶುರುವಾಗುತ್ತದೆ (ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಂದ ಹೊಸ ಹಾಳೆಯಲ್ಲಿ 5 ಸೆಂ.ಮೀ.). ಮಗುವಿನ ಎದೆಬಡಿತ, ನೋವು, ತಾಯಿಯ ನಾಡಿಯನ್ನು ಅರ್ಧ ಗಂಟೆಗೊಮ್ಮೆ, ಬಿಪಿ ಮತ್ತು ಗರ್ಭಕಂಠ ತೆರೆದಿರುವುದನ್ನು ನಾಲ್ಕು ಗಂಟೆಗೊಮ್ಮೆ ಗುರುತು ಮಾಡಿ. ಗರ್ಭಕಂಠ ತೆರೆದಿರುವುದನ್ನು ತೋರಿಸುವ ಗೆರೆ ಹಾಳೆಯ ಅಲರ್ಟ್ ಲೈನಿನ (ಎಚ್ಚರಿಕೆಯ ಗೆರೆ) ಬಲಕ್ಕೆ ದಾಟಿತೆಂದರೆ, ಸಿಸೇರಿಯನ್ ಸೌಲಭ್ಯವಿಲ್ಲದ ಕೇಂದ್ರದಲ್ಲಿ ಕಾಯುತ್ತ ಕೂರುವಂತಿಲ್ಲ. ಆಕ್ಷನ್ ಲೈನಿಗೆ (ಕ್ರಮ ಕೈಗೊಳ್ಳಲೇಬೇಕಾದ ಗೆರೆ) ಇನ್ನು ನಾಲ್ಕೇ ಗಂಟೆ. ಆಂಬುಲೆನ್ಸ್, ದಾರಿ, ದಾಖಲಾತಿ ಎಲ್ಲ ಅಷ್ಟರೊಳಗೇ ಆಗಬೇಕು.

ನೋವನ್ನು ಆಕೆಯ ಕೂಗಿನಿಂದ ಅಳೆಯಬೇಡಿ. ಬಾಯಿ ಬಿಡದೆ ಸಹಿಸುವ ಹೆಂಗಸರು ಬಹಳ ಮಂದಿ. ಹೊಟ್ಟೆಯ ಮೇಲ್ಭಾಗದಲ್ಲಿ ಅಂಗೈ ಇಟ್ಟು 10 ನಿಮಿಷ ಪಕ್ಕದಲ್ಲೇ ಕೂತು, ಎಷ್ಟು ಸಲ ಗಟ್ಟಿಯಾಯಿತು, ಪ್ರತಿ ಸಲ ಎಷ್ಟು ಸೆಕೆಂಡ್ ಇತ್ತು ಎಂದು ಗಡಿಯಾರ ನೋಡಿ ಬರೆಯಿರಿ.