1996ರ ಮಿಯಾಟಾ ಕಾರನ್ನು ತಗ್ಗಿಸಬೇಕು: ಸ್ಪ್ರಿಂಗ್ ಮಾತ್ರ ಬದಲಿಸಿದರೆ ಸಾಕೇ, ಕಾಯಿಲೋವರ್ ಬೇಕೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಮನೆ, ವಾರವಿಡೀ ಕಚೇರಿಗೆ ಇದೇ ಕಾರು, ಭಾನುವಾರ ಬೆಳಿಗ್ಗೆ ಸ್ಕೈಲೈನ್ ಬುಲೆವಾರ್ಡಿನ ತಿರುವುಗಳಲ್ಲಿ ಒಂದು ಸುತ್ತು. ಕಾರು 1.8 ಲೀಟರಿನ ಮಜ್ದಾ ಮಿಯಾಟಾ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಸಂದು ನೋಡಿದರೆ ಪಂಚೆ ಎತ್ತಿ ಕಟ್ಟಿ ಗದ್ದೆಗಿಳಿದವನಂತೆ ಕಾಣುತ್ತದೆ ಎಂಬ ಬೇಸರ. ಕೈಯಲ್ಲಿರುವುದು 1,500 ಡಾಲರ್. ಕಾರನ್ನು ತಗ್ಗಿಸುವ ಬರಿಯ ಲೋವರಿಂಗ್ ಸ್ಪ್ರಿಂಗ್, ಸ್ಪ್ರಿಂಗ್ ಜೊತೆಗೆ ಅದರ ಕುಣಿತ ತಡೆಯುವ ಹೊಸ ಶಾಕ್ ಅಬ್ಸಾರ್ಬರ್, ಸ್ಪ್ರಿಂಗೂ ಶಾಕೂ ಒಂದೇ ಜೋಡಣೆಯಾಗಿ ಬರುವ, ಎತ್ತರ ಹೊಂದಿಸಬಹುದಾದ ಕಾಯಿಲೋವರ್, ಈ ಮೂರರಲ್ಲಿ ಯಾವುದು ಎಂದು ಕೇಳಿದ್ದೀರಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನೆಯದು. ಒಂದು ಇಂಚು ಇಳಿಸಿ, ಅಲ್ಲಿಗೇ ನಿಲ್ಲಿಸುತ್ತೇನೆ. ಇದನ್ನು ಕಲಿಯಲು ನಾನು ದುಡ್ಡು ಕಳೆದುಕೊಂಡಿದ್ದೇನೆ, ಆ ಕಥೆ ಮೊದಲು.

ನನ್ನದೂ ಮೊದಲ ಪೀಳಿಗೆಯ ಮಿಯಾಟಾ. ಕೊಂಡ ಮೂರನೇ ತಿಂಗಳಿಗೆ ಅಗ್ಗದ ಕಾಯಿಲೋವರ್ ಸೆಟ್ ತರಿಸಿ ಹಾಕಿಸಿದೆ. ಮುಂದಿನ ಸ್ಪ್ರಿಂಗ್ ಮಿಲಿಮೀಟರಿಗೆ 8 ಕೆಜಿ, ಅಂದರೆ ಒಂದು ಮಿಲಿಮೀಟರ್ ಕುಗ್ಗಿಸಲು 8 ಕೆಜಿ ಭಾರ ಬೇಕು; ಹಿಂದಿನದು 6. ಕಾರಿನ ಜೊತೆ ಬಂದಿದ್ದ ಮುಂದಿನ ಸ್ಪ್ರಿಂಗ್ ಹೆಚ್ಚುಕಡಿಮೆ 3 ಕೆಜಿಯದು ಎಂಬುದನ್ನು ಆಮೇಲೆ ಓದಿ ತಿಳಿದೆ. ಅಷ್ಟು ಗಟ್ಟಿ ಸ್ಪ್ರಿಂಗನ್ನು ಹಿಡಿದು ನಿಲ್ಲಿಸುವ ತಾಕತ್ತು ಅದರೊಳಗಿನ ಶಾಕ್‌ಗೆ ಇರಲಿಲ್ಲ. ನಿಂತಾಗ ಕಾರು ಚಿತ್ರದಂತಿತ್ತು, ಓಡಿದಾಗ ಕಪ್ಪೆ. 880 ಹೆದ್ದಾರಿಯ ಕಾಂಕ್ರೀಟಿನ ಪ್ರತಿ ಕೀಲೂ ಬೆನ್ನುಮೂಳೆಯಲ್ಲಿ ಎಣಿಕೆಗೆ ಸಿಗುತ್ತಿತ್ತು. ಆ ಬೇಸಿಗೆಯಲ್ಲಿ ಹಾಸನದಿಂದ ಬಂದಿದ್ದ ಅಮ್ಮ ಪಕ್ಕದ ಸೀಟಿನಲ್ಲಿ ಹತ್ತು ನಿಮಿಷ ಕೂತು, "ಶಿರಾಡಿ ಘಾಟಿಯ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿದ ಹಾಗಿದೆ ಕಣೋ" ಎಂದರು. ನಾನು ನಕ್ಕೆ. ಮರುವಾರ ಸ್ಕೈಲೈನಿನ ಒಂದು ಉಬ್ಬುತಗ್ಗಿನ ತಿರುವಿನಲ್ಲಿ ಹಿಂಬದಿ ಚಕ್ರ ಥಟ್ಟನೆ ಪಕ್ಕಕ್ಕೆ ಜಾರಿದಾಗ ನಗು ನಿಂತಿತು.

ಜಾರಿದ್ದು ಏಕೆ ಎಂಬುದರಲ್ಲೇ ನಿಮ್ಮ ಪ್ರಶ್ನೆಯ ಉತ್ತರವಿದೆ. ಶಾಕ್‌ನ ಸರಳಿನ ಮೇಲೆ ಬಂಪ್ ಸ್ಟಾಪ್ ಎಂಬ ಮೆತ್ತೆ ಇರುತ್ತದೆ. ಗುಂಡಿಗೋ ಉಬ್ಬಿಗೋ ಸಿಕ್ಕ ಚಕ್ರ ಮೇಲೇರಿ ಬಂದಾಗ ಕೊನೆಗೆ ತಾಗುವುದು ಅದಕ್ಕೆ. ನಮ್ಮ ಈ ಕಾರಿನಲ್ಲಿ ಮೆತ್ತೆಗೆ ತಾಗುವ ಮುನ್ನ ಸಿಗುವ ಜಾಗ ಹೊಸದರಲ್ಲೇ ಕಡಿಮೆ. ನೀವು ಕಾರನ್ನು ಇಳಿಸಿದಷ್ಟೂ ಕಳೆದುಕೊಳ್ಳುವುದು ಆ ಜಾಗವನ್ನೇ. ಸ್ಪ್ರಿಂಗ್ ನುಂಗುವ ಶಕ್ತಿ ಅದರ ಗಟ್ಟಿತನವನ್ನು ಕುಗ್ಗಿದ ದೂರದ ವರ್ಗದಿಂದ ಗುಣಿಸಿದ್ದಕ್ಕೆ ಅನುಪಾತದಲ್ಲಿರುತ್ತದೆ ಎಂದು ಪಿಯುಸಿಯಲ್ಲಿ ಓದಿದ್ದೀರಲ್ಲ, ಆ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ಜಾಗ ಅರ್ಧಕ್ಕಿಳಿದರೆ ಅದೇ ಪೆಟ್ಟು ತಡೆಯಲು ಸ್ಪ್ರಿಂಗ್ ನಾಲ್ಕು ಪಟ್ಟು ಗಟ್ಟಿಯಾಗಬೇಕು. ಅಂಗಡಿಯ ಲೋವರಿಂಗ್ ಸ್ಪ್ರಿಂಗ್‌ಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ತಿರುವಿನಲ್ಲಿ ಭಾರ ಹೊತ್ತ ಬದಿ ಮೊದಲೇ ಮೆತ್ತೆಯ ಮೇಲೆ ಕೂತಿರುತ್ತದೆ. ಮತ್ತೊಂದು ಸಣ್ಣ ಉಬ್ಬು ಬಂದರೆ ಆ ಚಕ್ರಕ್ಕೆ ಸ್ಪ್ರಿಂಗೇ ಇಲ್ಲದಂತಾಗಿ ಹಿಡಿತ ತಪ್ಪುತ್ತದೆ. ಮುಂದಿನ ಚಕ್ರಕ್ಕೆ ಹೀಗಾದರೆ ಕಾರು ನೇರ ಹೋಗುತ್ತದೆ, ಹಿಂದಿನದಕ್ಕಾದರೆ ಗಿರಕಿ ಹೊಡೆಯುತ್ತದೆ.

ಬರಿಯ ಸ್ಪ್ರಿಂಗ್ ಬೇಡ ಎನ್ನುವುದು ಇದಕ್ಕೇ. ಸುಮಾರು ಮೂವತ್ತು ವರ್ಷದ ಕಾರಿನಲ್ಲಿ ಮೂಲ ಶಾಕ್‌ಗಳೇ ಉಳಿದಿದ್ದರೆ ಅವು ಈಗ ಹೆಸರಿಗೆ ಮಾತ್ರ. ದಣಿದ ಎತ್ತಿಗೆ ಇನ್ನಷ್ಟು ಭಾರ ಹೇರಿದ ಹಾಗೆ.

ಕೊಳ್ಳುವ ವಿಷಯ. ಕೋನಿ ಸ್ಪೋರ್ಟ್ ಎಂಬ ಹಳದಿ ಬಣ್ಣದ ಶಾಕ್‌ಗಳು ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಸ್ಪ್ರಿಂಗ್ ಮತ್ತೆ ಹಿಗ್ಗುವ ವೇಗವನ್ನು ತಿರುಪಿನಿಂದ ಹೊಂದಿಸಬಹುದು. ಮೊದಲು ತೀರಾ ಮೃದುವಿನಲ್ಲಿಟ್ಟು, ಕಾರು ತೇಲಿದಂತೆನಿಸಿದರೆ ಮಾತ್ರ ಕಾಲು ಸುತ್ತು, ಕಾಲು ಸುತ್ತಾಗಿ ಬಿಗಿ ಮಾಡಿ. ಬಿಲ್‌ಸ್ಟೈನ್ ಕೂಡ ಒಳ್ಳೆಯದೇ. ಮಜ್ದಾ ತನ್ನ ಆರ್ ಪ್ಯಾಕೇಜ್ ಮಿಯಾಟಾಗಳಿಗೆ ಕಾರ್ಖಾನೆಯಲ್ಲೇ ಅದನ್ನು ಹಾಕಿತ್ತು. ಆದರೆ ಹೊಂದಿಸುವ ಅವಕಾಶ ಇಲ್ಲ, ಸಣ್ಣ ಉಬ್ಬುಗಳಲ್ಲಿ ಕೊಂಚ ಒರಟು. ಸ್ಪ್ರಿಂಗ್ ಮುಂದಕ್ಕೆ 5ರಿಂದ 6 ಕೆಜಿ, ಹಿಂದಕ್ಕೆ 4ರ ಆಸುಪಾಸು ಇರಲಿ. ಅದಕ್ಕಿಂತ ಮೃದುವಾದದ್ದನ್ನು ಹಾಕಿ ಇಳಿಸಬೇಡಿ, ಅದಕ್ಕಿಂತ ಗಟ್ಟಿಯಾದದ್ದನ್ನು ಕಚೇರಿಗೆ ಒಯ್ಯಬೇಡಿ.

ಉಳಿದ ಹಣದಲ್ಲಿ ತಪ್ಪದೆ ಕೊಳ್ಳಬೇಕಾದದ್ದು, ಯಾರೂ ಫೋಟೋ ತೆಗೆಯದ ಒಂದು ಭಾಗ: 1999ರಿಂದ 2005ರವರೆಗಿನ ಎರಡನೇ ಪೀಳಿಗೆಯ ಮಿಯಾಟಾದ ಟಾಪ್ ಮೌಂಟ್‌ಗಳು. ಶಾಕ್‌ನ ತಲೆ ದೇಹಕ್ಕೆ ಸೇರುವ ಈ ತಟ್ಟೆಯ ವಿನ್ಯಾಸವನ್ನು ಮಜ್ದಾ ಆಮೇಲೆ ತಿದ್ದಿತು. ಅದು ನಿಮ್ಮ ಕಾರಿಗೂ ಕೂರುತ್ತದೆ, ಚಕ್ರ ಮೇಲೇರಲು ಹೆಚ್ಚಿನ ಜಾಗ ಕೊಡುತ್ತದೆ. ಇಳಿಸಿ ಕಳೆದುಕೊಂಡದ್ದರಲ್ಲಿ ಒಂದಷ್ಟನ್ನು ಹೀಗೆ ಮರಳಿ ಪಡೆಯಬಹುದು. ಜೊತೆಗೆ ಹೊಸ ಬಂಪ್ ಸ್ಟಾಪ್. ಹಳೆಯವು ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತವೆ.

ಒಳ್ಳೆಯ ಕಾಯಿಲೋವರ್ ಇಲ್ಲವೆಂದಲ್ಲ. ಲಗೂನಾ ಸೇಕಾ ರೇಸ್ ಟ್ರ್ಯಾಕಿಗೆ ಹೋಗುವ ಆಸೆ ಹುಟ್ಟಿದರೆ ಆಗ ಯೋಚಿಸಿ, ಆಗ ಈ ಬಜೆಟ್ಟನ್ನೂ ಮರೆತುಬಿಡಿ.

ಎತ್ತರವನ್ನು ನೆಲದಿಂದ ಅಳೆಯಬೇಡಿ, ಟೈರ್ ಬದಲಾದರೆ ಲೆಕ್ಕ ತಪ್ಪುತ್ತದೆ. ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿಗೆ ಅಳೆಯಿರಿ. 13 ಇಂಚಿನ ಆಸುಪಾಸು ಸಾಕು, ಹನ್ನೆರಡೂವರೆಗಿಂತ ಕೆಳಗೆ ಹೋಗಬೇಡಿ. ಕ್ಯಾಲಿಫೋರ್ನಿಯಾದ ವಾಹನ ಕಾನೂನಿನ 24008ನೇ ಸೆಕ್ಷನ್ ಪ್ರಕಾರ ತಗ್ಗಿಸಿದ ಕಾರಿನ ಯಾವ ಭಾಗವೂ ಚಕ್ರದ ರಿಮ್‌ನ ಕೆಳಅಂಚಿಗಿಂತ ಕೆಳಗಿರುವಂತಿಲ್ಲ. ಒಂದು ಇಂಚು ಇಳಿಸಿದವರಿಗೆ ಆ ಭಯವಿಲ್ಲ. ಮನೆಯ ಮುಂದಿನ ಇಳಿಜಾರಿನಲ್ಲಿ ಮಾತ್ರ ಓರೆಯಾಗಿ ಹತ್ತುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಕೆಲಸ ಮಾಡಿಸುವಾಗ ಮೆಕ್ಯಾನಿಕ್‌ಗೆ ಒಂದು ಮಾತನ್ನು ಎರಡು ಸಲ ಹೇಳಿ. ಚಕ್ರವನ್ನು ಕಾರಿನ ದೇಹಕ್ಕೆ ಸೇರಿಸುವ ಸಸ್ಪೆನ್ಷನ್ ತೋಳುಗಳ ಒಳತುದಿಯಲ್ಲಿ, ಬೋಲ್ಟಿನ ಸುತ್ತ ಇರುವ ರಬ್ಬರ್ ಬುಷ್‌ಗಳು ಬೇರಿಂಗಿನಂತೆ ತಿರುಗುವುದಿಲ್ಲ, ತಿರುಚಿಕೊಳ್ಳುತ್ತವೆ. ಕಾರು ಲಿಫ್ಟಿನ ಮೇಲೆ ತೂಗಾಡುವಾಗ ಅವುಗಳ ಬೋಲ್ಟ್ ಬಿಗಿದರೆ, ಕೆಳಗಿಳಿಸಿದ ಮೇಲೆ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲೇ ಉಳಿದು ಬೇಗ ಹರಿಯುತ್ತದೆ, ಕಾರೂ ಅಂದುಕೊಂಡ ಎತ್ತರಕ್ಕೆ ಕೂರುವುದಿಲ್ಲ. ಬೋಲ್ಟ್‌ಗಳನ್ನು ಸಡಿಲಿಸಿ, ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಬಿಗಿಯಬೇಕು. ನನ್ನ ಕಾರಿನಲ್ಲಿ ಇದನ್ನು ಯಾರೂ ಮಾಡಿರಲಿಲ್ಲ. ನೀವೇ ಕೈ ಹಾಕುವುದಾದರೆ ಸ್ಪ್ರಿಂಗ್ ಅದುಮುವ ಸಾಧನದ ಬಗ್ಗೆ ಎಚ್ಚರ; ಅದುಮಿದ ಸ್ಪ್ರಿಂಗ್ ಕೈತಪ್ಪಿದರೆ ಎಲುಬು ಮುರಿಯಬಲ್ಲದು.

ಒಂದು ವಾರ ಓಡಿಸಿ ಸ್ಪ್ರಿಂಗ್‌ಗಳು ಕೂತ ಮೇಲೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿಪಡಿಸುವ ಕೆಲಸ. ಮಿಯಾಟಾದಲ್ಲಿ ನಾಲ್ಕೂ ಚಕ್ರಗಳ ವಾಲಿಕೆಯನ್ನು ಹೊಂದಿಸಬಹುದು, ಹೊರಗಿನ ಭಾಗ ಬೇಕಿಲ್ಲ. ಮುಂದೆ ಒಂದು ಡಿಗ್ರಿ, ಹಿಂದೆ ಒಂದೂವರೆ ಡಿಗ್ರಿ ಒಳಕ್ಕೆ ವಾಲಿರಲಿ ಎಂದು ಚೀಟಿಯಲ್ಲಿ ಬರೆದುಕೊಡಿ. ಹೇಳದಿದ್ದರೆ ಕಂಪ್ಯೂಟರ್ ಹಸಿರು ತೋರಿಸಿದಲ್ಲಿಗೆ ನಿಲ್ಲಿಸಿ ಕಳಿಸುತ್ತಾರೆ. ಅಲ್ಲಿಗೆ ಹೋಗುವ ಮುನ್ನ ಟೈರಿನ ಬದಿಯ ನಾಲ್ಕಂಕಿಯ ತಾರೀಖನ್ನೂ ನೋಡಿ. ಮೊದಲ ಎರಡು ಅಂಕಿ ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. ಹತ್ತು ವರ್ಷದ ಟೈರ್ ಇದ್ದರೆ ಸ್ಪ್ರಿಂಗಿನ ಮಾತು ಪಕ್ಕಕ್ಕಿಟ್ಟು ಮೊದಲು ಟೈರ್ ಬದಲಿಸಿ. ಮುಂಭಾಗ ಹಿಂಭಾಗಕ್ಕಿಂತ ಹೆಚ್ಚು ತಗ್ಗಿದರೆ ಬಾನೆಟ್ಟಿನಿಂದ ಎದ್ದುಬರುವ ಹೆಡ್‌ಲೈಟ್‌ಗಳ ಬೆಳಕೂ ನೆಲಕ್ಕೆ ಬಾಗುತ್ತದೆ. ಗೋಡೆಯ ಮುಂದೆ ನಿಲ್ಲಿಸಿ ಒಮ್ಮೆ ಸರಿಪಡಿಸಿಕೊಳ್ಳಿ.