ಎದೆ ಬಾವು ಬಂದಿದೆ, ಮೊನ್ನೆಯಿಂದ ಚಳಿಜ್ವರವೂ ಇದೆ. ಹಾಲು ಪೂರ್ತಿ ಖಾಲಿ ಮಾಡಲು ಯಾವ ಪಂಪ್ ಒಳ್ಳೆಯದು? ಮಗುವಿಗೆ ಹಾಲು ನಿಲ್ಲಿಸಬೇಕೇ?

ಯಾವ ಪಂಪೂ ಬೇಡ. ಹಾಲೂ ನಿಲ್ಲಿಸಬೇಡಿ.

ರಾಜಾಜಿನಗರದ ತವರಲ್ಲಿ ನನ್ನ ಬಾಣಂತನ. ಬಲಗಡೆ ಎದೆ ಕೆಂಪಾಗಿ ಗಡ್ಡೆ ಕಾಣಿಸಿತು. ನೀರು ಹಾಕೋಕೆ ಬರುತ್ತಿದ್ದ ಅಜ್ಜಿ, "ಹಾಲು ಕಟ್ಕೊಂಡಿದೆ ಕಣಮ್ಮ, ಕರಗಿಸ್ಬೇಕು" ಅಂತ ಎಣ್ಣೆ ಹಚ್ಚಿ ಹೆಬ್ಬೆರಳಲ್ಲಿ ಒತ್ತಿ ಒತ್ತಿ ತಿಕ್ಕಿದರು. ಅಮ್ಮ ಬಿಸಿನೀರಿನ ಶಾಖ ಕೊಟ್ಟರು. ಸಾಲದ್ದಕ್ಕೆ ನಾನು ತರಕಾರಿ ತರಿಸೋ ಆಪ್‌ನಲ್ಲೇ ಪಂಪ್ ತರಿಸಿ, ಮಗು ಕುಡಿದ ಮೇಲೆ ಪ್ರತಿ ಸಲ ಕೊನೆ ಹನಿವರೆಗೂ ತೆಗೆದೆ. ಬಾಟಲಿ ತುಂಬಿದರೆ ಖುಷಿ ಬೇರೆ!

ನನ್ನನ್ನು ಕೆಡಿಸಿದ್ದು ಆ ಖುಷಿಯೇ. ತೆಗೆದಷ್ಟೂ ಎದೆಯಲ್ಲಿ ಹಾಲು ತಯಾರಾಗುತ್ತದೆ. ಪಂಪ್ ಎಳೆಯುವುದನ್ನು ನೋಡಿ ದೇಹ ಅವಳಿ ಮಕ್ಕಳಿವೆ ಅಂದುಕೊಳ್ಳುತ್ತದೆ. ಅಲ್ಲದೆ ಒಳಗೆ ಕರಗಿಸಬೇಕಾದ ಹಾಲಿನ ಗಂಟು ಇರುವುದೇ ಅಪರೂಪ. ಹಾಲಿನ ನಾಳಗಳ ಸುತ್ತಲಿನ ಭಾಗ ಊದಿಕೊಂಡು ನಾಳವನ್ನು ಹಿಸುಕಿರುತ್ತದೆ. ತಿಕ್ಕಿದರೆ ಊತ ಏರುತ್ತದೆ, ಊತ ಏರಿದರೆ ಹಾಲು ಇಳಿಯೋದಿಲ್ಲ, ಇಳಿಯಲಿಲ್ಲ ಅಂತ ಮತ್ತೆ ಪಂಪ್. ಹೀಗೇ ಸುತ್ತಿ ಸುತ್ತಿ ಕೊನೆಗೆ ಕೀವು ಕಟ್ಟಿತು. ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡು ಸೂಜಿ ಚುಚ್ಚಿ ತೆಗೆದರು.

ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಎಂಬ ವೈದ್ಯರ ಸಂಸ್ಥೆ 2022ರಲ್ಲೇ ಹೇಳಿದೆ: ಖಾಲಿ ಮಾಡಲು ಹೋಗಬೇಡಿ, ಜೋರಾಗಿ ತಿಕ್ಕಬೇಡಿ, ತಣ್ಣನೆ ಪಟ್ಟಿ ಹಾಕಿ. ಬಾಣಂತಿಗೆ ಐಸಾ ಅಂತ ಮನೆಯಲ್ಲಿ ರಂಪ ಆಗುತ್ತದೆ, ಆಗಲಿ. ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳಿ. ನೋವು, ಊತ ಇಳಿಸುವ ಐಬುಪ್ರೊಫೆನ್ ಮಾತ್ರೆ ಹಾಲೂಡಿಸುವಾಗಲೂ ಕೊಡುತ್ತಾರೆ, ನಿಮಗೆ ಆಗುತ್ತದಾ ಅಂತ ಡಾಕ್ಟರನ್ನು ಕೇಳಿ. ಮಗುವಿಗೆ ಬೇಕಾದಾಗ ಬೇಕಾದಷ್ಟು ಕುಡಿಸಿ, ಬಾವು ಬಂದ ಎದೆಯ ಹಾಲಿನಿಂದ ಅದಕ್ಕೇನೂ ಆಗೋದಿಲ್ಲ. ಬಿಗಿದು ಬಾಯಿ ಹಾಕಲಾಗದಿದ್ದರೆ ಕೈಯಿಂದ ಸ್ವಲ್ಪ ಹಿಂಡಿ, ಮೆತ್ತಗಾದರೆ ಸಾಕು. ಈಗಾಗಲೇ ಪಂಪ್ ಮಾಡುತ್ತಿದ್ದರೆ ಒಮ್ಮೆಲೇ ನಿಲ್ಲಿಸದೆ ಸ್ವಲ್ಪ ಸ್ವಲ್ಪವೇ ಇಳಿಸಿ.

ಆದರೆ ಮೊನ್ನೆಯಿಂದ ಚಳಿಜ್ವರ ಅಂತ ಬರೆದಿದ್ದೀರಲ್ಲ, ಅದಕ್ಕೆ ಐಸ್ ಸಾಲದು. 24 ಗಂಟೆಯಲ್ಲಿ ಇಳಿಯದ ಜ್ವರಕ್ಕೆ ಆಂಟಿಬಯೋಟಿಕ್ ಬೇಕಾಗಬಹುದು. ಹೆರಿಗೆ ಮಾಡಿಸಿದ ಡಾಕ್ಟರಿಗೆ ಈಗಲೇ ಫೋನ್ ಮಾಡಿ, ಗಡ್ಡೆ ಉಳಿದಿದ್ದರೆ ಸ್ಕ್ಯಾನ್ ಬೇಕಾ ಅಂತ ನೀವೇ ಕೇಳಿ. ಕೊಟ್ಟ ಆಂಟಿಬಯೋಟಿಕ್ ಮಾತ್ರೆಯನ್ನು ಜ್ವರ ಬಿಟ್ಟಿತು ಅಂತ ನಡುವೆ ಬಿಡಬೇಡಿ.